ಟೆಕ್ಸಸ್ ನೋಡದೆ ಟೆಕ್ಸಸ್ ತೆಗೆದವರು

ಟೆಕ್ಸಸ್ಸಿನ ಆಸ್ಟಿನ್ ನಗರದ ಹಳೆಯ ಚಿತ್ರಮಂದಿರದ ಮುಂದೆ ಸಾಲಿನಲ್ಲಿ ನಿಂತಿದ್ದ ಸುಪ್ರಜಾಳಿಗೆ ಧಾರವಾಡದ ಕನ್ನಡ ಕೇಳಿಸಿತು. ಮುಂದೆ ನಿಂತಿದ್ದವರು ಗಂಡ ಹೆಂಡತಿ. ಮೈಸೂರಿನವಳಾದ ಸುಪ್ರಜಾ ಮಾತಾಡಿಸಲು ಹೋಗದೆ ಕಿವಿಗೊಟ್ಟಳು.

“ಇವತ್ತಿನ ಸಿನಿಮಾದ ಇಟಲಿ ಡೈರೆಕ್ಟರ್‌ನ ಏರ್‌ಪೋರ್ಟಿಂದ ನೀವ ಕರಕೊಂಡ ಬಂದ್ರೇನ್ರಿ?”

“ಹೂಂ. ಜೀವನಪೂರ್ತಿ ಕೌಬಾಯ್ ಸಿನಿಮಾನ ತಗದಾರ. ಟೆಕ್ಸಸ್ಸಿಗೆ ಬಂದಿದ್ದು ಇದ ಮೊದಲ.”

“ಮತ್ತ ಸಿನಿಮಾದಾಗ ಟೆಕ್ಸಸ್ ತೋರಿಸ್ಯಾರಲ್ಲ?”

“ಅದು ರೋಮ್ ಹತ್ರದ್ದೊಂದು ಕಲ್ಲಿನ ಕ್ವಾರಿ. ಬಜೆಟ್ ಇರಲಿಲ್ಲ. ಇದ್ದ ನಾಲ್ಕ ಕುದುರಿನ್ನ ಕ್ಯಾಮೆರಾ ಮುಂದ ಸುತ್ತ ಸುತ್ತ ಓಡಿಸಿ ದೊಡ್ಡ ದಂಡಿನಂಗ ತೋರಸ್ತಿದ್ರಂತ.”

“ಖರೇ ಟೆಕ್ಸಸ್ ನೋಡಿ ಏನಂದ್ರು?”

“‘ಇದ ಏನ ಟೆಕ್ಸಸ್?’ ಅಂದ್ರು. ಎಲ್ಲಾ ಕಡೆ ಮಾಲು, ಫ್ಲೈಓವರು. ನನಗ ಕೆಟ್ಟನಿಸ್ತು. ಊರ ಹೊರಗ ಜಾರ್ಜ್‌ಟೌನ್ ದಾಟಿಸಿ ಕರಕೊಂಡ ಹೋದೆ. ಅಲ್ಲಿ ಒಣಹುಲ್ಲಿನ ಬಯಲು ಬಂತು, ಗಾಡಿ ನಿಲ್ಲಸಂದ್ರು. ಇಳದು ಬೇಲಿ ಹಿಡಕೊಂಡು ಭಾಳ ಹೊತ್ತು ನಿಂತ್ರು.”

“ಅತ್ರೇನ್ರಿ?”

“ಇಲ್ಲ, ನಕ್ರು. ‘ನಾ ಬರೋಬರಿನ ತಗದಿದ್ದೆ’ ಅಂದ್ರು.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಒಳಗಿನಿಂದ ಬಿಳಿಗಡ್ಡದ ಮುದುಕರೊಬ್ಬರು ಹೊರಬಂದು, ಜನ ಎಷ್ಟಿದ್ದಾರೆಂದು ಸಾಲಿನ ತುದಿಯವರೆಗೂ ಕಣ್ಣು ಹಾಯಿಸಿದರು. ಗಂಡನನ್ನು ಕಂಡು ಕೈಯೆತ್ತಿದರು.

“ಬಾ, ಪರಿಚಯ ಮಾಡಸ್ತೀನಿ.”

“ಇಟಲಿ ಭಾಷಾ ನನಗೆಲ್ಲಿ ಬರತೈತ್ರಿ?”

“ನನಗೂ ಬರೂದಿಲ್ಲ. ಅರ್ಧಮರ್ಧ ಇಂಗ್ಲಿಷ್, ಕೈಸನ್ನಿಯೊಳಗ ದಿನಪೂರ್ತಿ ಹರಟಿ ಹೊಡದೇವಿ, ನಡಿ.”

ಇಬ್ಬರೂ ಸಾಲು ಬಿಟ್ಟು ಬಾಗಿಲಿನತ್ತ ಹೋದರು.