ಅಮಾವಾಸ್ಯೆಯ ಬ್ಯಾಕಪ್

ಮಗ್ಗದ ಸದ್ದಿಗೆ ಏಳುವ, ಮಗ್ಗದ ಸದ್ದು ನಿಂತರೆ ಮಲಗುವ ಒಂದೂರು. ಅಲ್ಲೊಬ್ಬ ಸೀರೆ ಸಾಹುಕಾರ. ಎಂಥ ಶ್ರೀಮಂತ? ಅವನ ಮಗ್ಗದ ಸೀರೆ ಇಲ್ಲದೆ ಸುತ್ತಿನ ಊರುಗಳಲ್ಲಿ ಮದುವೆ ಆಗುತ್ತಿರಲಿಲ್ಲ, ಅಂಥ ಶ್ರೀಮಂತ. ನೋಡಿ, ಮೊದಲೇ ಹೇಳಿಬಿಡುತ್ತೇನೆ, ಕೆಟ್ಟವನಲ್ಲ. ನಮ್ಮ ಹಾಗೆಯೇ. ಮಾತು ಸ್ವಲ್ಪ ಮುಂದೆ, ಯೋಚನೆ ಸ್ವಲ್ಪ ಹಿಂದೆ.

ಅವನಿಗೊಬ್ಬ ಸೊಸೆ. ಸೀರೆ ಸೆರಗಿನ ನಕ್ಷೆಯನ್ನು ಈಗ ಕಂಪ್ಯೂಟರಿನಲ್ಲಿ ಬರೆಯುತ್ತಾರಲ್ಲ, ಚೌಕ ಚೌಕಕ್ಕೂ ಬಣ್ಣ ತುಂಬಿ, ಆ ಕೆಲಸ ಅವಳದು. ಬೇಸಿಗೆ ಪೂರ್ತಿ ಕೂತು ಒಂದು ಸೆರಗು ಬರೆದಳು. ಸಾಹುಕಾರ ನೋಡಲು ಬಂದಾಗ ನೇಕಾರರೆಲ್ಲ ಸುತ್ತ ನಿಂತಿದ್ದರು. ನಾಲ್ಕು ಜನರ ಮುಂದೆ ನಮಗೆ ಏನೋ ಆಗುತ್ತದೆ, ಅಲ್ಲವೇ? ಚೆನ್ನಾಗಿದೆ ಅನ್ನಬೇಕಾದ ಬಾಯಲ್ಲಿ ಬೇರೇನೋ ಬರುತ್ತದೆ.

"ಇದೇನು ಸೆರಗೋ, ಅಂಗಳದ ರಂಗೋಲಿಯೋ?" ಅಂದ.

ಸೊಸೆ ತಲೆ ಎತ್ತದೆ ಹೇಳಿದಳು, "ರಂಗೋಲಿ ನೋಡಾಕೂ ಕಣ್ಣು ಬೇಕ್ರಿ, ಮಾವಾರ."

ನೇಕಾರರು ನಕ್ಕರು. ಅಷ್ಟು ಸಾಕಾಯಿತು. ಸಾಹುಕಾರ ಅವಳ ಮದುವೆಯ ದಿನದಿಂದ ಶುರು ಮಾಡಿದ. ಬೀಗರು ಊಟಕ್ಕೆ ಕೊರತೆ ಮಾಡಿದ್ದು, ಅವಳ ಅಣ್ಣ ನಮಸ್ಕಾರ ಮಾಡದೆ ಹೋದದ್ದು, ಎಂದೋ ಉಕ್ಕಿಹೋದ ಹಾಲು, ಒಂದನ್ನೂ ಬಿಡಲಿಲ್ಲ. ಸೆರಗಿನ ಮಾತು ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ.

ಮರುದಿನ ಸೊಸೆ ತವರಿಗೆ ಹೋದಳು. ಮಗ ಅಡಕತ್ತರಿಗೆ ಸಿಕ್ಕ ಅಡಿಕೆಯಂತಾದ. ಸೊಸೆಯ ಹೆಸರನ್ನು ಇನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಸಾಹುಕಾರ ಆಣೆ ಹಾಕಿಸಿದ. ಕೆಲವು ದಿನಕ್ಕೆ ಅವಳಿಂದ ಒಂದು ಇಮೇಲ್ ಬಂತು. ತೆರೆಯಲೇ ಇಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅಮಾವಾಸ್ಯೆಗೊಮ್ಮೆ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಂಗೈಯಗಲದ ಡಿಸ್ಕಿಗೆ ನಕಲು ಮಾಡಿಡುವುದು. ಬ್ಯಾಕಪ್ ಅನ್ನುತ್ತಾರೆ. ಅದನ್ನು ತಿಜೋರಿಯಲ್ಲಿ ಲಕ್ಷ್ಮಿಯ ಪಕ್ಕ ಕೂರಿಸಿ, ಸಾಹುಕಾರನ ಹೆಂಡತಿ ಅರಿಶಿನ ಕುಂಕುಮ ಏರಿಸಿ ಆರತಿ ಎತ್ತುವಳು. ಪೂಜೆ ಜೋರು. ಆದರೆ ಕಷ್ಟ ಬಂದರೆ ಅದರೊಳಗಿನಿಂದ ಬೇಕಾದ್ದನ್ನು ಹೇಗೆ ತೆಗೆಯಬೇಕು? ಒಬ್ಬರಿಗೂ ಗೊತ್ತಿಲ್ಲ. ನಗಬೇಡಿ. ದೇವರ ಜಗಲಿಯ ಮೇಲೆ ನಾವು ಬಟ್ಟೆ ಸುತ್ತಿಟ್ಟ ಪುಸ್ತಕಗಳ ಗತಿಯೂ ಅದೇ.

ಆ ಅಮಾವಾಸ್ಯೆಗೂ ನಕಲಾಯಿತು, ಪೂಜೆಯಾಯಿತು. ಮರುದಿನ ಒಬ್ಬ ನೇಕಾರ, ಅಕ್ಕಾವರು ಯಾವಾಗ ಬರುತ್ತಾರೆ ಎಂದು ಕೇಳಿಬಿಟ್ಟ. ಸಾಹುಕಾರನಿಗೆ ಮತ್ತೆ ಉರಿ ಹತ್ತಿತು. ಸೆರಗಿನ ನಕ್ಷೆ ಅಳಿಸಿದ. ಓದದ ಇಮೇಲನ್ನೂ ಅಳಿಸಿದ. ಅಳಿಸಿದ್ದು ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದ.

ಸಿಟ್ಟಿನ ಆಯುಷ್ಯ ಎಷ್ಟು? ಹಬ್ಬ ಬಂತು, ಮನೆ ಸಪ್ಪಗಿತ್ತು. ಕಂಪ್ಯೂಟರಿನ ಮುಂದಿನ ಕುರ್ಚಿ ಕಂಡಾಗಲೆಲ್ಲ ಸಾಹುಕಾರ ಮುಖ ತಿರುಗಿಸಿ ಹೊರಗೆ ನಡೆದುಬಿಡುತ್ತಿದ್ದ. ಕರೆತರಬೇಕು. ಆದರೆ ಯಾವ ಮುಖದಿಂದ? ನನ್ನ ಸೆರಗು ಎಲ್ಲಿ ಎಂದು ಅವಳು ಕೇಳಿದರೆ?

ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸನ್ನು ಕರೆಸಿದ. ಆಕೆ ಡಿಸ್ಕನ್ನು ತಿರುಗಿಸಿ ನೋಡಿದಳು. "ಯಾರ್ರೀ ಸಾವ್ಕಾರ್ರ, ಇದರ ಬಾಯಾಗ ಕುಂಕುಮ ತುಂಬಿದವರು? ಮುತ್ತೈದಿ ಮಾಡೀರಿ ಇದನ್ನ."

ಸಾಹುಕಾರನ ಹೆಂಡತಿ ಬಾಗಿಲ ಹಿಂದೆ ಸರಿದಳು. ರಿಪೇರಿಯಾಕೆ ಕುಂಚದಿಂದ ಕುಂಕುಮ ತೆಗೆದು ತಂತಿ ಸಿಕ್ಕಿಸಿದಳು. ಸಾಹುಕಾರ ಅವಸರದಲ್ಲಿ, ಎಲ್ಲವನ್ನೂ ಆ ಅಮಾವಾಸ್ಯೆಗೇ ತಿರುಗಿಸಿಬಿಡಿ ಅಂದ.

"ತಿರುಗಿಸಬಹುದು. ಆದರ ಆಮ್ಯಾಲೆ ನಿಮ್ಮ ಮಂದಿ ಮಾಡಿದ ಕೆಲಸ ಎಲ್ಲಾ ಹೋಗತೈತಿ. ಒಂದು ಹಿಡಿ ಜೋಳ ಬೇಕಂದ್ರ ಕಣಜಾನ ಬೋರಲು ಹಾಕತಾರೇನ್ರಿ? ಬೇಕಾದ್ದು ಯಾವುದು ಹೇಳ್ರಿ, ಅದೊಂದನ್ನ ತೆಗೀತೀನಿ. ಯಾರು ಬರೆದದ್ದು? ಹೆಸರು ಹೇಳ್ರಿ, ಹುಡುಕಬೇಕು."

ಸಾಹುಕಾರ ಗೋಡೆ ನೋಡಿದ. ಆಣೆ ಹಾಕಿಸಿದವನು ಅವನೇ. ಹೆಂಡತಿ, ಮಗ ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಕೊನೆಗೆ ಹೆಸರು ಹೇಳಿದ, ಮೆಲ್ಲಗೆ. ಆ ಹೆಸರು ಯಾವುದು ಎಂದು ನಾನು ನಿಮಗೆ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಯಾರ ಹೆಸರು ಎತ್ತುವುದನ್ನು ಬಿಟ್ಟಿದ್ದೀರೋ, ಅದೇ ಹೆಸರು ಎಂದು ಇಟ್ಟುಕೊಳ್ಳಿ.

ಸೆರಗು ಸಿಕ್ಕಿತು. ಇಮೇಲೂ ಸಿಕ್ಕಿತು. ಉಳಿದದ್ದು ಯಾವುದೂ ಕದಲಲಿಲ್ಲ. ಇಮೇಲಿನಲ್ಲಿ ಜಗಳ ಇದ್ದೀತು, ದೂರು ಇದ್ದೀತು ಎಂದು ಸಾಹುಕಾರ ಹೆದರುತ್ತಲೇ ಓದಿದ. "ಮಾವನವರಿಗೆ ನಮಸ್ಕಾರ. ಸೆರಗಿನ ಮೂಲೆಯ ಹೂವಿನಲ್ಲಿ ಒಂದು ಎಸಳು ತಪ್ಪಿದೆ. ನೇಯುವ ಮೊದಲು ತಿದ್ದಿಸಿ, ಇಲ್ಲವಾದರೆ ಸೀರೆ ಕೆಡುತ್ತದೆ. ನಿಮ್ಮ ಬಿ.ಪಿ. ಮಾತ್ರೆ ಮುಗಿಯುತ್ತ ಬಂದಿರಬೇಕು, ತರಿಸಿಕೊಳ್ಳಿ."

ಇಷ್ಟೇ. ಓದದೆ ಅಳಿಸಿದ್ದು ಇದನ್ನು.

ಅಂದೇ ಬೀಗರ ಊರಿಗೆ ಹೊರಟ. ಬಾಗಿಲು ತೆಗೆದವನು ಅದೇ ಅಣ್ಣ. ಈ ಸಲವೂ ನಮಸ್ಕಾರ ಮಾಡಲಿಲ್ಲ. ಹಳೆಯದೆಲ್ಲ ಸಾಹುಕಾರನ ನಾಲಿಗೆಯ ತುದಿಗೆ ಬಂತು. ಬೋರಲು ಹಾಕಲು ಕಣಜ ಸಿದ್ಧವಾಗಿತ್ತು. ನುಂಗಿಕೊಂಡ. ಸೊಸೆ ಒಳಗಿನಿಂದ ಬಂದಾಗ ಇಷ್ಟೇ ಅಂದ.

"ನಿನ್ನ ಸೆರಗು ಅಳಿಸಿದ್ದೆ. ತಿರುಗಿ ತೆಗೆಸೀನಿ. ಮೂಲಿ ಹೂವು ತಿದ್ದಾಕ ನಮಗ್ಯಾರಿಗೂ ಬರೂದಿಲ್ಲ. ಬಾರವ್ವ."

ಸೊಸೆ ಕೇಳಿದಳು, "ಮಾತ್ರಿ ತರಿಸಿದ್ರಿ?"

ಇಲ್ಲ ಅಂದ. ಅವಳು ಚೀಲ ತರಲು ಒಳಗೆ ಹೋದಳು.

ಈಗ ನಿಮ್ಮ ಮನೆಗೆ ಬರೋಣ. ಹಾಲು ಉಕ್ಕಿತು ಎಂದು ಜಗಳ ಶುರುವಾದರೆ ಹಾಲಿನ ಹತ್ತಿರವೇ ನಿಲ್ಲಿಸುತ್ತೇವೆಯೇ? ಮದುವೆಯ ಚಪ್ಪರದವರೆಗೂ ಹೋಗುತ್ತೇವೆ. ಇನ್ನು ಮೇಲೆ ಹೋಗಬೇಡಿ. ಮುರಿದದ್ದು ಒಂದಾದರೆ ಅದೊಂದನ್ನೇ ಎತ್ತಿಕೊಳ್ಳಿ. ಸಿಟ್ಟಿನಲ್ಲಿದ್ದಾಗ ಅವರು ಕಳಿಸಿದ ಮಾತನ್ನು ಓದದೆ ಅಳಿಸಬೇಡಿ, ಅದರಲ್ಲಿ ನಿಮ್ಮ ಮಾತ್ರೆಯ ಚಿಂತೆ ಇರಬಹುದು. ಕ್ಷಮೆಗೆ ನಾವೂ ದಿನಾ ಕುಂಕುಮ ಏರಿಸುತ್ತೇವೆ, ಭಜನೆ ಮಾಡುತ್ತೇವೆ, ಕೈ ಮುಗಿಯುತ್ತೇವೆ. ಬಳಸುವುದು ಯಾವಾಗ? ಇವತ್ತು ಮನೆಗೆ ಹೋಗಿ, ಬಿಟ್ಟ ಆ ಒಂದು ಹೆಸರನ್ನು ಬಾಯಿಬಿಟ್ಟು ಕರೆಯಿರಿ. ಕುಂಕುಮ ನಾಳೆ ಏರಿಸೋಣ. ಮೊದಲು ತಿಜೋರಿ ತೆಗೆಯಿರಿ.