ಬೆಚ್ಚಗಿನ ಕೀ

ಸಂಜೆ ನಾಲ್ಕಕ್ಕೇ ಕತ್ತಲು ಕವಿದು, ಶೆಡ್ಡಿನ ತಗಡಿನ ಮೇಲೆ ಮಳೆ ಮಾತು ಕೇಳಿಸದ ಹಾಗೆ ಸುರಿಯುತ್ತಿತ್ತು. ಆಂಬುಲೆನ್ಸ್ ನರ್ಸುಗಳ ವಿಶ್ರಾಂತಿ ಕೋಣೆಯಲ್ಲಿ ನಾಲ್ವರು ಚಹಾ ಹಿಡಿದು ಕೂತಿದ್ದರು. ಅವರಲ್ಲಿ ಕಿರಿಯಳು, ಎಲ್ಲರೂ ಗುಬ್ಬಿ ಅಂತ ಕರೆಯುವವಳು, ಒಂದರ ಹಿಂದೆ ಒಂದು ಎರಡು ಪಾಳಿ ಮುಗಿಸಿ, ಆರು ಗಂಟೆಯ ಮೂರನೆಯದಕ್ಕೂ ಹೂಂ ಅಂದಿದ್ದಳು. ದಣಿವೇನೂ ಇಲ್ಲ ಅನ್ನುತ್ತಿದ್ದಳು. ನಿಜಕ್ಕೂ ಅವಳಿಗೆ ಈಚೆಗೆ ಏನೂ ಅನ್ನಿಸುತ್ತಿರಲಿಲ್ಲ. ಬೆಳಿಗ್ಗೆ ಒಬ್ಬ ತಾಯಿ ತಬ್ಬಿಕೊಂಡು ಅತ್ತಾಗ, ಆಕೆಯ ಹೆಗಲಾಚೆ ಗೋಡೆ ಗಡಿಯಾರ ನೋಡಿದ್ದಳು.

ಆಗ ಕೊಡೆ ಮಡಿಚುತ್ತ ದೊಡ್ಡಕ್ಕ ಬಂದರು. ಇದೇ ಕೆಲಸದಿಂದ ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಈ ಕೋಣೆ ಬಿಟ್ಟವರಲ್ಲ. ನೇರ ಗುಬ್ಬಿಯ ಪಕ್ಕಕ್ಕೇ ಬಂದು ಕೂತರು. ಒಂದು ದೆವ್ವದ ಕತೆ ಆಗಲಿ ಎಂದು ಯಾರೋ ಕೆಣಕಿದರು.

"ನಿಮ್ಮ ಮುಖ ಕಂಡ್ರೆ ದೆವ್ವಾನೇ ಹೆದರ್ಕೊಳ್ಳುತ್ತೆ," ಅಂದು, ದೊಡ್ಡಕ್ಕ ಶುರು ಮಾಡಿದರು.

"ನನ್ನ ಜೊತೆ ಒಬ್ಬಳಿದ್ಲು ಕಣ್ರೇ. ಇಲ್ಲ ಅನ್ನೋ ಮಾತೇ ಅವಳ ಬಾಯಲ್ಲಿ ಬರ್ತಿರ್ಲಿಲ್ಲ. ಯಾರಿಗೆ ಜ್ವರ, ಯಾರ ಮಗೂಗೆ ಹುಷಾರಿಲ್ಲ, ಅವರ ಪಾಳಿಯೆಲ್ಲ ಇವಳ ತಲೆಗೆ. ಗಾಡಿ ಹೊರಡೋ ಮುಂಚೆ ಆಕ್ಸಿಜನ್ ಸಿಲಿಂಡರಿಗೆ ಕೀ ಹಾಕಿ ತಿರುಗಿಸಿ, ಮೀಟರಿನ ಮುಳ್ಳು ಎಲ್ಲಿದೆ ನೋಡಿ, ಆಮೇಲೆ ಪಟ್ಟೀಲಿ ಗುರುತು ಹಾಕ್ಬೇಕು... ನಿಮಗೆ ಗೊತ್ತಿರೋದೇ. ಒಂದಿನ ನೋಡ್ದೇನೇ ಹಾಕಿದ್ಲು. ಸೋಮಾರಿತನ ಅಂತೀರಾ? ಅಲ್ಲ... ನೋಡಿದೀನಿ ಅಂತಾನೇ ಅಂದ್ಕೊಂಡಿದ್ಲು. ನಿನ್ನೆ ನೋಡಿದ್ದು, ಮೊನ್ನೆ ನೋಡಿದ್ದು ಎಲ್ಲ ತಲೇಲಿ ಕಲಸಿಹೋಗಿತ್ತು. ದಾರೀಲಿ ಅಜ್ಜ ಒಬ್ರು ಉಸಿರಿಗೆ ಒದ್ದಾಡ್ತಿದ್ರೆ, ಸಿಲಿಂಡರ್ ಖಾಲಿ..."

ಯಾರೂ ಚಹಾ ಕುಡಿಯಲಿಲ್ಲ.

"ಅಜ್ಜ ಉಳೀಲಿಲ್ಲ. ಇವಳು ಅಳ್ಲಿಲ್ಲ, ರಜಾನೂ ಹಾಕ್ಲಿಲ್ಲ. ಇನ್ನೂ ಜಾಸ್ತಿ ಪಾಳಿ ತಗೊಂಡ್ಲು. ಒಂದು ಬೆಳಿಗ್ಗೆ ರೋಗೀನ ಇಳಿಸಿ ವಾಪಸ್ ಬರ್ತಾ, ಡ್ರೈವರ್ ಪಕ್ಕದ ಸೀಟಲ್ಲಿ ಕೂತೋಳು, ಎಬ್ಬಿಸಿದ್ರೆ ಏಳ್ಲೇ ಇಲ್ಲ. ಕೀ ಮುಷ್ಟೀಲಿತ್ತು. ಬೆರಳು ಬಿಡಿಸಿದೋಳು ನಾನೇ... ಮೈಯೆಲ್ಲ ತಣ್ಣಗೆ, ಕೀ ಮಾತ್ರ ಬೆಚ್ಚಗೆ. ಅವಳು ಯಾರಿಗೂ ಕೆಡುಕು ಮಾಡಿದೋಳಲ್ಲ. ಆದ್ರೆ ಯಾವ ನರ್ಸು ನೋಡ್ದೇ ಗುರುತು ಹಾಕೋವಷ್ಟು ಸೋತಿರ್ತಾಳೋ, ಅವಳ ಗಾಡೀಲಿ ಕೊಕ್ಕೆಗೆ ನೇತಾಕಿರೋ ಕೀ ಬೆಚ್ಚಗಾಗುತ್ತೆ, ಯಾರೋ ಈಗ ತಾನೇ ಕೈಯಿಂದ ಬಿಟ್ಟ ಹಾಗೆ. ನಂಗೂ ಒಂದ್ಸಲ ಆಗಿತ್ತು. ಮನೆಗೆ ಹೋಗಿ ಎರಡು ದಿನ ಮಲಗಿಬಿಟ್ಟೆ."

ಆರರ ಪಾಳಿಯ ಪಟ್ಟಿಯನ್ನು ಗುಬ್ಬಿ ಆಗಲೇ ತುಂಬಿಟ್ಟಿದ್ದಳು. ಗುರುತು ಹಾಕಿದ್ದು ನೆನಪಿತ್ತು. ಮುಳ್ಳು ಎಲ್ಲಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

"ಬರೀ ಕತೆ ಹೇಳೋಕೆ ಈ ಮಂಡಿ ಎಳ್ಕೊಂಡು ಮಳೇಲಿ ಬಂದೆ ಅಂದ್ಕೊಂಡ್ರಾ? ಬೆಳಿಗ್ಗೆಯಿಂದ ಈ ಅಂಗೈ ಬಿಸಿ. ಬರ್ತಾ ಬಾಗಿಲಲ್ಲಿ ನಿಂತಿರೋ ಗಾಡಿ ಹತ್ತಿ, ಕೀ ಮುಟ್ಟಿ ನೋಡಿದೆ..."

"ಆ ಗಾಡಿ ನಂದು ದೊಡ್ಡಕ್ಕ," ಅಂದಳು ಗುಬ್ಬಿ, ಮೆಲ್ಲಗೆ. ಎಷ್ಟೋ ದಿನದ ಮೇಲೆ ಅವಳಿಗೆ ಹೆದರಿಕೆ ಅನ್ನಿಸಿತ್ತು.

"ಗೊತ್ತಮ್ಮಾ." ದೊಡ್ಡಕ್ಕ ಅವಳ ಕೈಯಿಂದ ಲೋಟ ತಗೊಂಡು ಕೆಳಗಿಟ್ಟರು. "ಮನೆಗೆ ಹೋಗು. ಪಾಳಿಗೆ ಬೇರೆಯವರನ್ನ ಕರೆಯೋಕೆ ಫೋನ್ ನಾನು ಮಾಡ್ತೀನಿ. ಹೋಗೋವಾಗ ಗಾಡಿಯೊಳಗೆ ಮಾತ್ರ ಇಣುಕಬೇಡ... ಪಕ್ಕದ ಸೀಟಲ್ಲಿ ಅವಳಿನ್ನೂ ಕೂತಿದಾಳೆ. ಸಾಕು, ಏಳೇ ಅಂದೆ. ನಿನ್ನ ಹಾಗೇನೇ, ದಣಿವೇನೂ ಇಲ್ಲ ಅಂದ್ಲು."