ಹಸಿ ಬಣ್ಣ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ತಮ್ಮನ ಉಗುರಿನ ಸುತ್ತ ಕಬ್ಬಿಣಕ್ಕೆ ಮೊದಲು ಬಳಿಯೋ ಕೆಂಪು ಪ್ರೈಮರ್ ಒಣಗಿತ್ತು.

"ಇಷ್ಟು ಬೇಗ ಯಾಕೋ ಕೆಲಸ ಬಿಟ್ಟು ಬಂದ್ಬಿಟ್ಟೆ?"

"ನೀರಿನ ಟ್ಯಾಂಕಿನ ಏಣಿಗೆ ಬಣ್ಣ ಹೊಡಿಯಲ್ಲ ಅಂದೆ. ಮೇಸ್ತ್ರಿ ಮನೆಗೆ ಹೋಗು ಅಂದ."

"ಹೊಡೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ತುಕ್ಕು ಕೆರೆದು ನೋಡಿದೆ ಕಣಕ್ಕ. ಮೂರು ಮೆಟ್ಟಿಲು ಪುಡಿಪುಡಿಯಾಗಿ ಉದುರ್ತಿವೆ. ಅದರ ಮೇಲೇ ಬಳಿ ಅಂತಾನೆ."

"ನೀನಲ್ದಿದ್ರೆ ಇನ್ನೊಬ್ಬ ಬಳೀತಾನೆ."

"ಬಳೀಲಿ. ನನ್ನ ಕೈಯಿಂದ ಆಗಲ್ಲ."

"ಮತ್ತೆ ಯಾರಾದ್ರೂ ಆ ಏಣಿ ಹತ್ತಿದ್ರೆ?"

"ಹತ್ತಲ್ಲ. 'ಹಸಿ ಬಣ್ಣ, ಮುಟ್ಟಬೇಡಿ' ಅಂತ ಬೋರ್ಡ್ ಕಟ್ಟಿ ಬಂದಿದೀನಿ."

"ಬಣ್ಣಾನೇ ಹೊಡೆದಿಲ್ವಲ್ಲೋ!"

ಅವರ ಸ್ಟಾಪ್ ಬಂತು. ತಮ್ಮ ಎದ್ದು, ಬಾಗಿಲ ಕಡೆ ನಡೆಯುತ್ತಲೇ ಹೇಳಿದ:

"ಮೆಟ್ಟಿಲು ಮುರಿಯುತ್ತೆ ಅಂದೆ, ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಬಟ್ಟೆಗೆ ಬಣ್ಣ ಮೆತ್ಕೊಳ್ಳುತ್ತೆ ಅಂದ್ರೆ ಮೇಸ್ತ್ರೀನೂ ಮಾರು ದೂರ ನಿಲ್ತಾನೆ."